ಹೊಲ ಅದ, ಹೊಲಕ್ಕ ದಾರಿ ಅದ ಏನು?

ನಮ್ಮ ಸಿಂದಗಿ-ಇಂಡಿ ಸೀಮೆಯಲ್ಲಿ ಹೆಣ್ಣು ಕೊಡೋರು ಮೊದಲು ಕೇಳೋದು ಹೊಲ ಎಷ್ಟು ಎಕರೆ ಅದ ಅಂತ. ಎರಡನೇದು, ನೀರು ಅದ ಏನು ಅಂತ. ಬ್ಯಾಂಕಿನವರು ಉತಾರ ಕೇಳ್ತಾರ, ಡ್ರಿಪ್ ಕಂಪನಿಯವರು ಬೋರ್ ಎಷ್ಟು ಇಂಚು ಅಂತ ಕೇಳ್ತಾರ. ಹೊಲದ ತನಕ ಗಾಡಿ ಹೋಗ್ತದ ಏನು ಅಂತ ಮಾತ್ರ ಯಾರೂ ಕೇಳೋದಿಲ್ಲ. ನಾನು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿದ ವರ್ಷಗಳಲ್ಲಿ ಗಿಡದ ಅಂತರ, ಗೊಬ್ಬರದ ಲೆಕ್ಕ, ಕೊಯ್ಲೋತ್ತರ ನಿರ್ವಹಣೆ ಎಲ್ಲಾ ಕಲಿತೆ. ಕೊಯ್ದ ಹಣ್ಣು ಹೊಲದಿಂದ ಡಾಂಬರ್ ರಸ್ತೆಗೆ ಹ್ಯಾಂಗ ಬರಬೇಕು ಅನ್ನೋ ಪಾಠ ಯಾವ ಪುಸ್ತಕದಾಗೂ ಇರಲಿಲ್ಲ.

ಕನ್ನೊಳ್ಳಿ ಸುತ್ತಿನ ಊರುಗಳಲ್ಲಿ ಈಗ ಲಿಂಬೆ, ದಾಳಿಂಬೆ, ಬಾಳೆ ಹಚ್ಚಬೇಕು ಅನ್ನೋ ಹುಡುಗರು ಫೋನ್ ಮಾಡಿದಾಗ ನಾನು ತಳಿ ಯಾವುದು, ಮಣ್ಣು ಯಾವುದು ಅಂತ ಕೇಳೋಕಿಂತ ಮೊದಲು ದಾರಿ ಕೇಳ್ತೀನಿ. ಐದರಲ್ಲಿ ಮೂರು ಮಂದಿ ಹೇಳೋದು ಒಂದೇ ಮಾತು: "ದಾರಿ ಅದರಿ, ಆದ್ರ ಕಾಕಾನ ಹೊಲದಾಗ ಹಾದು ಹೋಗ್ಬೇಕು." ಕಾಕಾ ಜೋಳ ಬಿತ್ತಿದ್ರ? "ಆಗ ಸೈಕಲ್ ಮೋಟರೂ ಹೋಗಂಗಿಲ್ಲ."

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಬರವಣಿಗೆಯಲ್ಲಿ ದಾರಿ ಇಲ್ಲದ ಹೊಲದಲ್ಲಿ ಹಣ್ಣಿನ ಗಿಡ ಹಚ್ಚಬಾರದು. ಮೊದಲು ದಾರಿ ಕಾಗದಕ್ಕೆ ಬರಲಿ, ಆಮೇಲೆ ಗುಂಡಿ ತೆಗೀರಿ. ತೊಗರಿ, ಜೋಳ ಆದ್ರ ರಾಶಿ ಮಾಡಿ ಹೊಲದಾಗೇ ಹದಿನೈದು ದಿನ ಇಡಬಹುದು, ತಲೆ ಮ್ಯಾಲೆ ಹೊತ್ತು ತರಬಹುದು. ಕೊಯ್ದ ಬಾಳೆಗೊನೆಗೆ ಆ ಪುರುಸೊತ್ತು ಇಲ್ಲ. ಲಿಂಬೆ ಗಿಡ ಒಮ್ಮೆ ಹಚ್ಚಿದ್ರ ಹದಿನೈದು-ಇಪ್ಪತ್ತು ವರ್ಷದ ಸಂಸಾರ. ಅಷ್ಟು ವರ್ಷ ಬೇರೆಯವರ ಮನಸ್ಸಿನ ಮೇಲೆ ನಂಬಿಕೆ ಇಟ್ಟು ಹೂಡಿಕೆ ಮಾಡೋದು ಜೂಜು.

ಮೊದಲು ಹ್ಯಾಂಗ ನಡೀತಿತ್ತು?

ಹಿರಿಯರನ್ನು ಕೇಳಿದ್ರ, "ನಮ್ಮ ಕಾಲದಾಗ ಈ ಜಗಳ ಇರಲಿಲ್ಲ" ಅಂತಾರ. ಅದು ನಿಜ, ಆದರೆ ಅವರು ನಮಗಿಂತ ಒಳ್ಳೆಯವರು ಇದ್ರು ಅಂತ ಅಲ್ಲ. ಒಣಬೇಸಾಯದ ಎರಿ ಭೂಮಿಯಲ್ಲಿ ವರ್ಷಕ್ಕೆ ಒಂದೇ ಬೆಳಿ. ಮುಂಗಾರಿಗೆ ತೊಗರಿ, ಇಲ್ಲಾ ಹಿಂಗಾರಿಗೆ ಬಿಳಿಜೋಳ. ಜೋಳದ ರಾಶಿ ಮುಗಿದ ಮ್ಯಾಲೆ ಮಿರಗದ ಮಳಿ ಬೀಳೋ ತನಕ ಇಡೀ ಸೀಮೆ ಬಯಲು. ಗೊಬ್ಬರದ ಚಕ್ಕಡಿ ಯಾರ ಹೊಲದಾಗ ಬೇಕಾದ್ರೂ ಹೋಗ್ತಿತ್ತು, ಯಾರಿಗೂ ನಷ್ಟ ಇರಲಿಲ್ಲ. ಬಿತ್ತಿದ ಮ್ಯಾಲೆ ಬದುವಿನ ಮೇಲೆ ಕಾಲಿಂದ ನಡೆದ್ರ ಸಾಕಿತ್ತು.

ನೀರು ಬಂತು, ಈ ಪದ್ಧತಿ ಮುರೀತು. ನಾರಾಯಣಪುರ ಎಡದಂಡೆ ಯೋಜನೆಯ ಇಂಡಿ ಶಾಖಾ ಕಾಲುವೆ ಒಂದು ಕಡೆ, ಬೋರ್‌ವೆಲ್ ಇನ್ನೊಂದು ಕಡೆ. ಕಬ್ಬು ನಿಂತ ಹೊಲ ವರ್ಷದ ಹನ್ನೆರಡೂ ತಿಂಗಳು ಹಸಿರು. ಅದರಾಗ ಚಕ್ಕಡಿ ಎಲ್ಲಿಂದ ಹೋಗಬೇಕು? ಅದೇ ಹೊತ್ತಿಗೆ ಚಕ್ಕಡಿ ಹೋಗಿ ಟ್ರ್ಯಾಕ್ಟರ್ ಬಂತು, ಅದರ ಹಿಂದೆ ಎರಡು ಟ್ರೇಲರ್ ಬಂದವು. ಚಕ್ಕಡಿ ಹೋಗೋ ಸಂದಿಯಲ್ಲಿ ಕಬ್ಬಿನ ಟ್ರೇಲರ್ ಹೊರಳೋದಿಲ್ಲ. ಅಂದ್ರ ದಾರಿ ಬೇಕಾದ ದಿನಗಳೂ ಹೆಚ್ಚಾದವು, ದಾರಿಯ ಅಗಲವೂ ಹೆಚ್ಚಾಯ್ತು, ಬಿಟ್ಟುಕೊಡೋ ಜಾಗ ಮಾತ್ರ ಕಡಿಮೆ ಆಯ್ತು. ಇದನ್ನು ಅಣ್ಣತಮ್ಮರ ಹೊಟ್ಟೆಕಿಚ್ಚು ಅಂತ ಕರೆದು ಸುಮ್ಮನಾದ್ರ ಪರಿಹಾರ ಸಿಗೋದಿಲ್ಲ.

ಇನ್ನೊಂದು ಬದಲಾವಣೆ 2020ರದ್ದು. ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ, ಎಷ್ಟೇ ಆದಾಯ ಇದ್ದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳೋದು ತಪ್ಪು ಅಂತ ನಾನು ಹೇಳೋದಿಲ್ಲ. ಆದರೆ ಪ್ಯಾಟಿಯಿಂದ ಬಂದವರು ಮೊದಲು ಮಾಡೋ ಕೆಲಸ ಸುತ್ತಲೂ ಕಂಬ ನೆಟ್ಟು ತಂತಿ ಬೇಲಿ ಹಾಕೋದು. ಅವರ ಕಾಗದದಲ್ಲಿ ದಾರಿ ಅಂತ ಎಲ್ಲೂ ಬರೆದಿಲ್ಲ. ನಿಮ್ಮ ಅಜ್ಜ ಮತ್ತು ಆ ಹೊಲ ಮಾರಿದವರ ಅಜ್ಜ ಮಾತಾಡಿಕೊಂಡಿದ್ದು ಬೆಂಗಳೂರಿನವರಿಗೆ ಹ್ಯಾಂಗ ಗೊತ್ತಾಗಬೇಕು? ಬಾಯಿಮಾತಿನ ದಾರಿ ಊರೊಳಗೆ ಮಾತ್ರ ನಡೀತದ. ಹೊಲ ಊರ ಹೊರಗಿನವರ ಕೈಗೆ ಹೋದ ದಿನ ಅದು ಮುಗೀತು.

(ನಮ್ಮ ಜಿಲ್ಲೆಯಲ್ಲಿ ಗಾಳಿ ವಿದ್ಯುತ್ತಿನ ಕಂಬಗಳು ಎದ್ದಾವಲ್ಲ, ಆ ಕಂಪನಿಗಳ ಕರಾರುಪತ್ರ ಒಮ್ಮೆ ಓದಿ ನೋಡ್ರಿ. ಕಂಬದ ಜಾಗದ ಜೊತೆಗೇ ದಾರಿಯ ಹಕ್ಕನ್ನೂ ಬರೆಸಿಕೊಂಡಿರ್ತಾರ. ನಾವು ಅವರಿಂದ ಬಾಡಿಗೆ ಲೆಕ್ಕ ಮಾತ್ರ ಕಲಿತೀವಿ, ಇದನ್ನು ಕಲಿಯಲಿಲ್ಲ.)

ತೋಟದ ವಸ್ತಿಯ ಬದುಕು

ಇದು ಬರೇ ಮಾಲು ಸಾಗಿಸೋ ಪ್ರಶ್ನೆ ಅಲ್ಲ. ನಮ್ಮ ಕಡೆ ಬಹಳ ಕುಟುಂಬಗಳು ಊರು ಬಿಟ್ಟು ಹೊಲದಾಗೇ ಮನಿ ಕಟ್ಟಿಕೊಂಡು ಇರ್ತಾವ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾದಾಗ ಊರಿಂದ ಊರಿಗೆ ರಸ್ತೆ ಲೆಕ್ಕ ಹಾಕಿದ್ರು. ವಸ್ತಿಯ ನಾಲ್ಕು ಮನಿ ಆ ಲೆಕ್ಕಕ್ಕೆ ಬರಲಿಲ್ಲ. ಎರಿ ಮಣ್ಣು ಹಸಿಯಾದ್ರ ಏನಾಗ್ತದ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಚಪ್ಪಲಿ ಕೈಯಾಗ, ಬೈಕಿನ ಗಾಲಿಗೆ ಮಡ್‌ಗಾರ್ಡ್ ತನಕ ಮಣ್ಣು ತುಂಬಿ ನಿಂತೇಬಿಡ್ತದ. ಹಸ್ತ ಮಳಿ ಹಿಡಿದ್ರ ವಾರಗಟ್ಟಲೆ ಮಕ್ಕಳು ಸಾಲಿಗೆ ಹೋಗೋದಿಲ್ಲ. ಹಾವು ಕಡಿದವರನ್ನು, ಬ್ಯಾನಿ ಶುರುವಾದ ಬಸುರಿಯನ್ನು 108 ನಿಂತ ಡಾಂಬರ್ ರಸ್ತೆ ತನಕ ಹೊರಸಿನ ಮೇಲೆ ಹೊತ್ತು ತರಬೇಕು. ಆಂಬುಲೆನ್ಸ್ ಬಂದದ, ದಾರಿ ಬಂದಿಲ್ಲ.

ಕೂಲಿ ವಿಷಯವೂ ಅಷ್ಟೇ. ಹೆಣ್ಣಾಳು ಬಸ್ಸಿಗೋ ಟಂಟಂಗೋ ಬರ್ತಾರ. 2023ರಿಂದ ಬಸ್ಸು ಅವರಿಗೆ ಪುಕ್ಕಟೆ, ಹಂಗಾಗಿ ದೂರದ ಊರಿಂದಲೂ ಬರ್ತಾರ. ಆದ್ರ ಬಸ್ಸಿಳಿದು ಎರಡು ಕಿಲೋಮೀಟರ್ ಕೆಸರು ತುಳಿಯಬೇಕು ಅಂದ್ರ ಅವರು ರಸ್ತೆ ದಂಡೆಯ ಹೊಲಕ್ಕೇ ಹೋಗ್ತಾರ. ಯಾಕ ಹೋಗಬಾರದು? ಕಬ್ಬು ಕಡಿಯೋ ಗ್ಯಾಂಗಿನವರೂ ದಾರಿ ಇಲ್ಲದ ಪ್ಲಾಟು ಕೊನೆಗೆ ಇಡ್ತಾರ, ಅಷ್ಟೊತ್ತಿಗೆ ಕಬ್ಬಿನ ತೂಕ ಇಳಿದಿರ್ತದ. ವ್ಯಾಪಾರಿ ಲಿಂಬೆ ತೋಟ ನೋಡಲಿಕ್ಕೆ ಬಂದ್ರ ಗಿಡಕ್ಕಿಂತ ಮೊದಲು ದಾರಿ ನೋಡ್ತಾನ, ಹೊರೋ ಕೂಲಿಯನ್ನ ರೇಟಿನಾಗ ಮುರಕೊಳ್ತಾನ. ದಾರಿ ಇಲ್ಲದ ನಷ್ಟ ಯಾವ ಪಟ್ಟಿಯಲ್ಲೂ ಕಾಣೋದಿಲ್ಲ, ಎಲ್ಲಾ ಪಟ್ಟಿಯಲ್ಲೂ ಇರ್ತದ.

ವಾಟ್ನಿ ಮಾಡುವಾಗಲೇ ಲೆಕ್ಕ ಹಾಕ್ರಿ

ಹೆಚ್ಚಿನ ದಾರಿ ಜಗಳ ಹುಟ್ಟೋದು ಅಣ್ಣತಮ್ಮರ ವಾಟ್ನಿಯಲ್ಲಿ. ಒಂದು ಲೆಕ್ಕ ನೋಡ್ರಿ. ಎಂಟು ಎಕರೆ ಹೊಲ, 528 ಫೂಟು ಅಗಲ, 660 ಫೂಟು ಉದ್ದ. ಅಗಲದ ಕಡೆ ಬಂಡಿದಾರಿ ಅದ. ನಾಲ್ಕು ಮಂದಿ ಅಡ್ಡಡ್ಡ ಹಂಚಿಕೊಂಡ್ರು, ತಲಾ ಎರಡು ಎಕರೆ, ತಲಾ 165 ಫೂಟು. ಮುಂದಿನವನಿಗೆ ದಾರಿ ಸಿಕ್ತು, ಹಿಂದಿನ ಮೂವರಿಗೆ ಇಲ್ಲ. ಎಲ್ಲರ ಹೊಲದ ಒಂದು ಅಂಚಿಗೆ 12 ಫೂಟಿನ ದಾರಿ ಬಿಟ್ರ, ಕೊನೆಯವನ ಬದು ಮುಟ್ಟಲಿಕ್ಕೆ 495 ಫೂಟು ಉದ್ದ ಬೇಕು. ಒಟ್ಟು 5,940 ಚದರ ಫೂಟು. ಒಂದು ಗುಂಟೆ ಅಂದ್ರ 1,089 ಚದರ ಫೂಟು, ಹಂಗಾದ್ರ ಸುಮಾರು ಐದೂವರೆ ಗುಂಟೆ. ನಾಲ್ಕು ಮಂದಿ ಸಮನಾಗಿ ಹೊತ್ತುಕೊಂಡ್ರ ತಲಾ ಒಂದೂವರೆ ಗುಂಟೆಯೂ ಇಲ್ಲ.

ಎಕರೆಗೆ ಐದು ಕ್ವಿಂಟಲ್ ತೊಗರಿ ಅಂತ ಹಿಡಿದ್ರೂ ಅದು ವರ್ಷಕ್ಕೆ 17 ಕೆ.ಜಿ. ತೊಗರಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಲೆಕ್ಕದಲ್ಲಿ 1,360 ರೂಪಾಯಿ. ಇದನ್ನು ಉಳಿಸಲಿಕ್ಕೆ ಹೋಗಿ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದ ಮನೆತನಗಳು ಪ್ರತಿ ಊರಾಗೂ ಸಿಗ್ತಾವ.

ಉದ್ದುದ್ದ ಸೀಳಿದ್ರ ಎಲ್ಲರಿಗೂ ದಾರಿ ಸಿಗ್ತದಲ್ಲ ಅಂತ ನೀವು ಕೇಳಬಹುದು. ಸಿಗ್ತದ, 132 ಫೂಟಿನ ನಾಲ್ಕು ಪಟ್ಟಿ. ಈ ತಲೆಮಾರಿಗೆ ಅದೇ ಛಲೋ. ಮುಂದೆ ಒಬ್ಬೊಬ್ಬರಿಗೆ ಮೂರು ಮಕ್ಕಳಾದ್ರ 44 ಫೂಟಿನ ಪಟ್ಟಿ ಉಳೀತದ, ಅದರಾಗ ಎರಡು ಬದು. ಟ್ರ್ಯಾಕ್ಟರ್ ಹೊರಳೋದು ಕಷ್ಟ, ಲಿಂಬೆ ಎರಡು ಸಾಲು ಹಿಡಿದ್ರ ಹೆಚ್ಚು. ಆಗ ಮತ್ತೆ ಅಡ್ಡ ಸೀಳೋದೇ ಗತಿ, ಮತ್ತೆ ಅದೇ ದಾರಿ ಪ್ರಶ್ನೆ.

ಕಾಯ್ದೆ ಏನು ಹೇಳ್ತದ?

ದಾರಿಯಲ್ಲಿ ಎರಡು ಜಾತಿ ಅದಾವ, ಇವನ್ನು ಕಲಸಿಕೊಳ್ಳಬಾರದು.

ಒಂದು, ನಕಾಶೆಯಲ್ಲಿ ಇರೋ ದಾರಿ. ಭೂ ದಾಖಲೆಗಳ ಇಲಾಖೆಯ ವೆಬ್‌ಸೈಟಿನಲ್ಲಿ ನಿಮ್ಮ ಊರಿನ ಗ್ರಾಮ ನಕಾಶೆ ಪುಕ್ಕಟೆ ಡೌನ್‌ಲೋಡ್ ಆಗ್ತದ. ಅದರಲ್ಲಿ ಜೋಡಿ ತುಂಡುಗೆರೆ ಬಂಡಿದಾರಿ, ಒಂಟಿ ತುಂಡುಗೆರೆ ಕಾಲುದಾರಿ. ದಾರಿ, ಹಳ್ಳಕ್ಕೆ ಬಿಟ್ಟ ಜಾಗವನ್ನು ಉತಾರದಲ್ಲಿ 'ಬ' ಖರಾಬು ಅಂತ ತೋರಿಸಿರ್ತಾರ. ಇಂಥ ಸಾರ್ವಜನಿಕ ದಾರಿ 1964ರ ಭೂ ಕಂದಾಯ ಕಾಯ್ದೆಯ ಕಲಂ 67ರ ಪ್ರಕಾರ ಸರ್ಕಾರದ್ದು, ಯಾರ ಹೊಲದ ನಡುವೆ ಇದ್ರೂ ಅವರದ್ದಲ್ಲ. ಅದನ್ನು ಯಾರಾದ್ರೂ ಹರಗಿ ಬಿತ್ತಿದ್ರ ತಹಶೀಲ್ದಾರರಿಗೆ ಅರ್ಜಿ ಕೊಡ್ರಿ. ನಕಾಶೆ ದಾರಿಗಳನ್ನು ತೆರವು ಮಾಡಿಸಬೇಕು ಅಂತ ಕಂದಾಯ ಇಲಾಖೆ 2023ರಲ್ಲಿ ಸುತ್ತೋಲೆಯನ್ನೂ ಹೊರಡಿಸಿದೆ. ಅರ್ಜಿಗೆ ನಕಾಶೆಯ ಪ್ರತಿ ಹಚ್ಚಿ, ಸ್ವೀಕೃತಿ ತಗೊಂಡೇ ಬರ್ರಿ.

ಎರಡನೇದು, ನಕಾಶೆಯಲ್ಲಿ ಇಲ್ಲದ, ಖಾಸಗಿ ಹೊಲದ ಮೇಲಿನ ದಾರಿ. ನಮ್ಮ ಜಗಳಗಳಲ್ಲಿ ಬಹಳ ಪಾಲು ಇದೇ. ಇದಕ್ಕೆ 1882ರ ಈಸ್‌ಮೆಂಟ್ ಕಾಯ್ದೆ ಅದ. ಅದರ ಕಲಂ 13: ಒಂದೇ ಹೊಲ ವಾಟ್ನಿಯಾಗಿ ಅಥವಾ ಭಾಗ ಮಾರಾಟವಾಗಿ, ಒಳಗಿನ ಪಾಲಿಗೆ ಬೇರೆ ದಾರಿಯೇ ಇಲ್ಲದಿದ್ರ, ಹೊರಗಿನ ಪಾಲಿನ ಮೇಲೆ ದಾರಿ ಹಕ್ಕಾಗಿ ಸಿಗ್ತದ. ಸುತ್ತು ಹಾಕಿ ಹೋಗೋ ಇನ್ನೊಂದು ದಾರಿ ಇದ್ರ ಸಿಗೋದಿಲ್ಲ, "ಇದು ಹತ್ರ ಆಗ್ತದ" ಅನ್ನೋದು ಕಾರಣ ಆಗೋದಿಲ್ಲ. ಕಲಂ 15: ಯಾರ ಅಡ್ಡಿಯೂ ಇಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ 20 ವರ್ಷ ಬಳಸಿದ ದಾರಿ ಹಕ್ಕಾಗ್ತದ. ಆದರೆ ಅದನ್ನು ಯಾರಾದ್ರೂ ಮುಚ್ಚಿದಾಗ ಗೊತ್ತಿದ್ದೂ ಒಂದು ವರ್ಷ ಸುಮ್ಮನೆ ಕೂತ್ರ ಆ 20 ವರ್ಷದ ಸರಪಳಿ ಕಡಿದಂಗ. ಮುಚ್ಚಿದ ಎರಡು ವರ್ಷದೊಳಗೆ ದಾವೆ ಹಾಕಬೇಕು. "ಇರಲಿ ಬಿಡು, ಮುಂದಿನ ವರ್ಷ ಸರಿ ಆಗ್ತಾನ" ಅಂತ ಕಾಯೋರು ಈ ಎರಡು ಅವಧಿಯನ್ನು ಗೋಡೆ ಮೇಲೆ ಬರೆದಿಡ್ರಿ.

ಕೇಳಿಕೊಂಡು, ಅನುಮತಿ ಪಡೆದು ಹೋದ ದಾರಿ ಎಷ್ಟು ವರ್ಷವಾದ್ರೂ ಹಕ್ಕಾಗೋದಿಲ್ಲ. ಇದು ದಾರಿ ಕೊಡೋರಿಗೂ ಗೊತ್ತಿರಬೇಕಾದ ಮಾತು. ಬಹಳ ಮಂದಿ ದಾರಿ ಮುಚ್ಚೋದು ಸಿಟ್ಟಿನಿಂದ ಅಲ್ಲ, "ಬಿಟ್ರ ಇವರದ್ದೇ ಆಗಿಬಿಡ್ತದ" ಅನ್ನೋ ಅಂಜಿಕೆಯಿಂದ. ಒಂದು ಕರಾರು ಬರೆದು ಇಂತಿಷ್ಟು ಅಗಲ, ಇಂಥಾ ಕಡೆ, ಇದು ಅನುಮತಿ ಮಾತ್ರ ಅಂದ್ರ ಅವರ ಅಂಜಿಕೆ ಹೋಗ್ತದ, ನಿಮ್ಮ ಲಿಂಬೆ ಗಾಡಿಯೂ ಹೋಗ್ತದ. ಆದರೆ ಅನುಮತಿಯನ್ನು ಅವರು ವಾಪಸ್ ತಗೋಬಹುದು, ಹೊಲ ಮಾರಿದ್ರ ಕೊಂಡವರನ್ನೂ ಅದು ಕಟ್ಟಿಹಾಕೋದಿಲ್ಲ. ಬಹುವಾರ್ಷಿಕ ಬೆಳೆ ಹಚ್ಚೋರು ಸೂಕ್ತ ಬೆಲೆ ಕೊಟ್ಟು ನೋಂದಾಯಿತ ದಾರಿಹಕ್ಕನ್ನೇ ಬರೆಸಿಕೊಳ್ಳಬೇಕು. ಪುಕ್ಕಟೆ ದಾರಿ ಕೇಳೋ ಚಟ ನಾವು ಬಿಡಬೇಕು. ಅವರ ಹೊಲ ಧೂಳು ತಿಂತದ, ಟ್ರ್ಯಾಕ್ಟರ್ ವರ್ಷಕ್ಕೊಂದು ಫೂಟು ಒಳಗೆ ಸರೀತದ, ಅಂಚಿನ ಸಾಲು ಹಾಳಾಗ್ತದ. ಅವರ ತಕರಾರಿನಲ್ಲಿ ಹುರುಳು ಅದ.

ಭೀಮಾ ದಾಟಿದ್ರ

ನಮ್ಮ ಕಡೆಯ ಬಹಳ ಮಂದಿಗೆ ಸೊಲ್ಲಾಪುರ ಜಿಲ್ಲೆಯಲ್ಲಿ ಬೀಗರು ಇದ್ದಾರ. ಅವರನ್ನು ಕೇಳ್ರಿ. ಮಹಾರಾಷ್ಟ್ರದ 1966ರ ಭೂ ಕಂದಾಯ ಸಂಹಿತೆಯ ಕಲಂ 143ರ ಅಡಿ, ಹೊಲಕ್ಕೆ ಹೋಗಲಿಕ್ಕೆ ಬೇರೆಯವರ ಬದುವಿನ ಮೇಲಿಂದ ದಾರಿ ಬೇಕು ಅಂತ ರೈತರು ಅರ್ಜಿ ಕೊಟ್ರ ತಹಶೀಲ್ದಾರರೇ ಸ್ಥಳ ನೋಡಿ ತೀರ್ಮಾನ ಕೊಡ್ತಾರ. ಒಪ್ಪದವರು ಮೇಲ್ಮನವಿ ಹಾಕಬಹುದು. 2025ರಲ್ಲಿ ಅಲ್ಲಿನ ಸರ್ಕಾರ ಇಂಥ ದಾರಿಗಳನ್ನು ಸಾತ್‌ಬಾರಾ ಉತಾರದ 'ಇತರ ಹಕ್ಕು' ಕಾಲಂನಲ್ಲಿ ನಮೂದಿಸಲು ಆದೇಶವನ್ನೂ ಮಾಡಿತು.

ನಮ್ಮ ಪಹಣಿಯಲ್ಲೂ 11ನೇ ಕಾಲಂ ಇತರೆ ಹಕ್ಕು ಮತ್ತು ಋಣಗಳದ್ದೇ. ಬ್ಯಾಂಕಿನ ಸಾಲ ಒಂದು ರೂಪಾಯಿ ಬಿಡದೆ ಅಲ್ಲಿ ಏರ್ತದ. ಒಪ್ಪಿಗೆಯಾದ ದಾರಿ ಯಾಕೆ ಏರಬಾರದು? ಭೂಮಿ ತಂತ್ರಾಂಶ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಪೌತಿ, ಪೋಡಿ, ಆಧಾರ್ ಜೋಡಣೆ ಎಲ್ಲಾ ಅದರಲ್ಲಿ ನಡೆದವು. ದಾರಿಗೂ ಒಂದು ಸರಳ ಅರ್ಜಿ, ಸರ್ವೆ ಸ್ಕೆಚ್ಚು, 11ನೇ ಕಾಲಂನಲ್ಲಿ ಒಂದು ಸಾಲು. ಬದುವಿನ ದಾರಿ ತೀರ್ಮಾನಿಸೋ ಸ್ಪಷ್ಟ ಅಧಿಕಾರ ತಹಶೀಲ್ದಾರರಿಗೆ. ನಮ್ಮ ರೈತ ಸಂಘಟನೆಗಳು ಬೆಂಬಲ ಬೆಲೆ, ನೀರಿಗೆ ಕೂಗಿದಷ್ಟು ಇದಕ್ಕೂ ಕೂಗಬೇಕು ಅನ್ನೋದು ನನ್ನ ಬೇಡಿಕೆ. ಕೋರ್ಟಿನ ದಾರಿ ತಪ್ಪಲ್ಲ, ಆದರೆ ಲಿಂಬೆ ಗಿಡದ ಆಯುಷ್ಯ ಕೇಸಿನ ಆಯುಷ್ಯಕ್ಕಿಂತ ಕಡಿಮೆ ಆಗಬಾರದಲ್ಲ.

ಕೋರ್ಟಿಗೆ ಹೋಗೋಕಿಂತ ಮೊದಲು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗ್ರಿ. ಲೋಕ ಅದಾಲತ್‌ನಲ್ಲಿ ಇಬ್ಬರೂ ಒಪ್ಪಿ ಬರೆಸಿದ ರಾಜಿಗೆ ಕೋರ್ಟ್ ಡಿಕ್ರಿಯ ಬೆಲೆ ಅದ, ಅದರ ಮೇಲೆ ಮೇಲ್ಮನವಿ ಇಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ವಕೀಲರ ನೆರವೂ ಉಚಿತ.

ಕೈಯಾಗಿನ ಫೋನು

ದಿಶಾಂಕ್ ಆ್ಯಪ್ ತೆಗೆದು ಹೊಲದಾಗ ನಿಂತ್ರ ಸರ್ವೆ ನಂಬರ್ ತೋರಸ್ತದ. ಸುತ್ತ ಯಾವ ಸರ್ವೆ ನಂಬರ್ ಅದಾವ, ಹತ್ತಿರದ ನಕಾಶೆ ದಾರಿ ಎಲ್ಲಿ ಅದ ಅಂತ ತಿಳಿಯಲಿಕ್ಕೆ ಛಲೋ. ಆದರೆ ಜಿಪಿಎಸ್ ಕೆಲವು ಮೀಟರ್ ಆಕಡೆ ಈಕಡೆ ತೋರಸ್ತದ. ಅದನ್ನು ನೋಡಿ ಬಾಂದಕಲ್ಲು ಕೀಳಲಿಕ್ಕೆ, ಕಾಕಾನ ಜೊತೆ ಗುದ್ದಾಡಲಿಕ್ಕೆ ಹೋಗಬ್ಯಾಡ್ರಿ. ಅಳತೆಗೆ ಹದ್ದುಬಸ್ತು ಅರ್ಜಿಯೇ ಬೇಕು. ಇನ್ನೊಂದು, ಕಂಪ್ಯೂಟರಿನ ಗೂಗಲ್ ಅರ್ತ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರ ಸಿಗ್ತಾವ. ಎರಿ ಹೊಲದಾಗ ಗಾಡಿ ಜಾಡು ಬಿಳಿ ಗೆರೆಯಂಗ ಎದ್ದು ಕಾಣ್ತದ. 20 ವರ್ಷ ಬಳಸಿದ ದಾರಿ ಅನ್ನೋರಿಗೆ ಅದು ಪೂರಕ ಸಾಕ್ಷಿ, ತೆಗೆದು ಇಟ್ಕೋರಿ.

ಹೊಲದ ಭಾಗ ಕೊಳ್ಳೋರು, ವಾಟ್ನಿ ಮಾಡಿಕೊಳ್ಳೋರು 11ಇ ಸ್ಕೆಚ್ ಮಾಡಿಸುವಾಗಲೇ ಸರ್ವೇಯರಿಗೆ ದಾರಿ ತೋರಿಸಿ ಗುರುತು ಹಾಕಿಸ್ರಿ. ಪತ್ರದಲ್ಲಿ "ರೂಢಿಯ ದಾರಿ" ಅಂತ ಬರೆದ್ರ ಸಾಲದು. ಯಾವ ದಿಕ್ಕಿಗೆ, ಎಷ್ಟು ಫೂಟು ಅಗಲ, ಎಲ್ಲಿಂದ ಎಲ್ಲಿಗೆ ಅಂತ ಬರೀಬೇಕು. ಚಕಬಂದಿಯಲ್ಲಿ ನಾಲ್ಕೂ ಕಡೆ ಬೇರೆಯವರ ಹೊಲವೇ ಇದ್ರ, ಎಷ್ಟೇ ಅಗ್ಗ ಇದ್ರೂ ಎರಡು ಸಲ ಯೋಚನೆ ಮಾಡ್ರಿ.

ದಾರಿ ಸಿಕ್ಕ ಮ್ಯಾಲೆ ಅದನ್ನು ಕಟ್ಟೋದೂ ಒಂದು ಕೆಲಸ. ಎರಿ ಮಣ್ಣಿನ ಮ್ಯಾಲೆ ಬರೇ ಗರಸು ಹಾಕಿದ್ರ ಎರಡು ಮಳಿಗೆ ಅದು ಕೆಳಗೆ ಇಳಿದು ಮತ್ತೆ ಕೆಸರೇ. ಮೊದಲು ಎರಡೂ ಬದಿಗೆ ಗಟಾರ ಹೊಡೆದು, ಆ ಮಣ್ಣು ನಡುವೆ ಏರಿಸಿ, ಎತ್ತಿನ ಬೆನ್ನಿನಂಗ ಎರಡೂ ಕಡೆ ಇಳಿಜಾರು ಮಾಡಿ, ದಮ್ಮಸು ಆದ ಮ್ಯಾಲೆ ಗರಸು ಹಾಕಬೇಕು. ನೀರು ದಾಟೋ ಕಡೆ ಸಿಮೆಂಟ್ ಪೈಪು. ಉದ್ಯೋಗ ಖಾತ್ರಿಯಲ್ಲಿ 'ನಮ್ಮ ಹೊಲ ನಮ್ಮ ದಾರಿ' ಅಂತ ಬೋರ್ಡು ಹಾಕಿ ಮಾಡಿದ ರಸ್ತೆಗಳಲ್ಲಿ ಉಳಿದವು ಗಟಾರ ಇದ್ದವು ಮಾತ್ರ. ದಾರಿ ದಂಡೆಗೆ ದಟ್ಟ ನೆರಳಿನ ಗಿಡ ಹಚ್ಚಬ್ಯಾಡ್ರಿ, ಮಣ್ಣು ಆರೋದಿಲ್ಲ. ಸಾವಯವ ಮಾಡೋರಿಗೆ ಒಂದು ಲಾಭ ಅದ: ಪ್ರಮಾಣೀಕರಣಕ್ಕೆ ಪಕ್ಕದ ರಾಸಾಯನಿಕ ಹೊಲದಿಂದ ಹೇಗೂ ಅಂತರ ಬಿಡಬೇಕು. ದಾರಿಯನ್ನು ಆ ಅಂಚಿಗೇ ಇಟ್ಟುಕೊಂಡ್ರ ಆ ಜಾಗ ಎರಡು ಕೆಲಸ ಮಾಡ್ತದ.

ಮಾತು ಶುರು ಮಾಡಲಿಕ್ಕೆ ನನ್ನ ಪ್ರಕಾರ ಎಳ್ಳ ಅಮಾಸಿಯಂಥ ದಿನ ಇನ್ನೊಂದಿಲ್ಲ. ಅವತ್ತು ಚರಗ ಚೆಲ್ಲಲಿಕ್ಕೆ ಎಲ್ಲರೂ ಹೊಲದಾಗೇ ಇರ್ತಾರ, ಮುನಿಸಿಕೊಂಡ ಕಾಕಾನೂ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಗೆ ಕರೆದ್ರ ಬರ್ತಾನ. ಉಂಡ ಮ್ಯಾಲೆ ಇಬ್ಬರೂ ಬದುವಿನ ಮೇಲೆ ನಡೆದು ಜಾಗ ನೋಡ್ರಿ. ಜೋಳದ ರಾಶಿ ಮುಗಿದ ಕೂಡಲೇ ನಾಡಕಚೇರಿಯಲ್ಲಿ ಸರ್ವೆ ಅರ್ಜಿ ಕೊಟ್ರ, ಬ್ಯಾಸಗಿಯಲ್ಲಿ ಬಯಲಾದ ಹೊಲದಾಗ ಸರಪಳಿ ಹಿಡಿಯೋದು ಸಲೀಸು. ಬಿತ್ತಿದ ಮ್ಯಾಲೆ ಅಳತೆಗೆ ಕರೆದ್ರ ಸರ್ವೇಯರ್ ಬೆಳಿ ನೋಡಿ ವಾಪಸ್ ಹೋಗ್ತಾರ, ಮತ್ತೆ ಒಂದು ವರ್ಷ.